ಹಂಟಿಂಗ್ಟನ್ ಇರುವ ಮನೆಯವರಿಗೆ ಎಚ್‌ಡಿಬಜ್: ಓದುತ್ತಾ ಬಂದವಳ ಅನಿಸಿಕೆ

ಎಚ್‌ಡಿಬಜ್ ಅಂತ ಒಂದು ಉಚಿತ ಸುದ್ದಿ ತಾಣ ಇದೆ. ಹಂಟಿಂಗ್ಟನ್ ಅನ್ನೋದು ಮನೆತನದಲ್ಲಿ ಇಳಿದು ಬರುವ ಮಿದುಳಿನ ಕಾಯಿಲೆ. ಅದಕ್ಕೆ ಎಲ್ಲೆಲ್ಲಿ ಯಾವ ಮದ್ದಿನ ಪರೀಕ್ಷೆ ನಡೀತಿದೆ, ಯಾವುದು ಕೆಲಸ ಮಾಡಿತು, ಯಾವುದು ಕೈಕೊಟ್ಟಿತು ಅಂತ ಅಲ್ಲಿ ಬರೆಯುತ್ತಾರೆ. ಬರೆಯುವವರು ಇದೇ ಕಾಯಿಲೆಯ ಮೇಲೆ ಕೆಲಸ ಮಾಡುವ ವಿಜ್ಞಾನಿಗಳು, ವೈದ್ಯರು. ನಾನು ಇದಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಹಿಡಿದಿಟ್ಟೆ ಅನ್ನೋದನ್ನೂ ಹೇಳುತ್ತೇನೆ. ಕನ್ನಡದಲ್ಲಿ ಇದರ ಬಗ್ಗೆ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಅರಸೀಕೆರೆಯವಳು. ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು. ಮೊದಲು ಗೊತ್ತಾಗಿದ್ದು ಚಿಲ್ಲರೆಯಲ್ಲಿ. ಬೆರಳ ಸಂದಿಯಲ್ಲಿ ನೋಟು ಮಡಚಿ ಇಟ್ಟುಕೊಂಡು, ಬಸ್ಸು ಎಷ್ಟೇ ಕುಲುಕಿದರೂ ಲೆಕ್ಕ ತಪ್ಪದೆ ಚಿಲ್ಲರೆ ಕೊಡುತ್ತಿದ್ದ ಮನುಷ್ಯ. ಅವರ ಕೈಯಿಂದ ನಾಣ್ಯ ಜಾರಿ ಬೀಳೋಕೆ ಶುರುವಾಯಿತು. ಆಮೇಲೆ ಕೂಡೋ ಲೆಕ್ಕ ತಪ್ಪತೊಡಗಿತು. ಆಮೇಲೆ ನಡಿಗೆ. ಕುಡಿದು ಡ್ಯೂಟಿಗೆ ಬಂದಿದ್ದಾರೆ ಅಂತ ಯಾರೋ ದೂರು ಕೊಟ್ಟರು. ಒಂದು ತೊಟ್ಟೂ ಮುಟ್ಟದವರನ್ನು ನಿಲ್ಲಿಸಿ ಬಾಯಿ ವಾಸನೆ ನೋಡಿದರು. ಆ ದಿನ ಅವರು ಮನೆಗೆ ಬಂದು ಊಟ ಮಾಡಲಿಲ್ಲ.

ನಮ್ಮತ್ತೆಗೂ ಹೀಗೇ ಆಗಿತ್ತು. ಕೈಕಾಲು ತಾನಾಗೇ ಆಡುತ್ತಿತ್ತು, ಮುಖ ಸೊಟ್ಟ ಆಗುತ್ತಿತ್ತು. ಮೈಮೇಲೆ ಬರುತ್ತೆ ಅಂತ ಊರಲ್ಲಿ ಅಂದುಕೊಂಡಿದ್ದರು. 2019ರಲ್ಲಿ ನಿಮ್ಹಾನ್ಸ್‌ನಲ್ಲಿ ಇವರ ರಕ್ತ ಪರೀಕ್ಷೆ ಆದಮೇಲೆ ಎರಡು ತಲೆಮಾರಿನ ಕಥೆಗೂ ಒಂದೇ ಹೆಸರು ಸಿಕ್ಕಿತು. ನಾಲ್ಕನೇ ಕ್ರೋಮೋಸೋಮಿನ ಒಂದು ಜೀನ್‌ನಲ್ಲಿ ಸಿಎಜಿ ಅನ್ನೋ ಮೂರು ಅಕ್ಷರ ಸಾಲಾಗಿ ಮತ್ತೆ ಮತ್ತೆ ಬರುತ್ತವೆ. ಎಲ್ಲರಲ್ಲೂ ಬರುತ್ತವೆ. 26 ಸಲದವರೆಗೆ ಬಂದರೆ ಏನೂ ಇಲ್ಲ. 40 ಸಲ ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಆಯಸ್ಸು ಇದ್ದರೆ, ಕಾಯಿಲೆ ಬಂದೇ ಬರುತ್ತದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಹೆಣ್ಣು ಅನ್ನೋ ಭೇದ ಇಲ್ಲ. ನಮಗೆ ಒಬ್ಬ ಮಗಳು, ಒಬ್ಬ ಮಗ.

ಡಾಕ್ಟರು ಟೆಟ್ರಾಬೆನಜೀನ್ ಬರೆದುಕೊಟ್ಟರು. ಮೈ ಆಡುವುದು ಸುಮಾರು ಹತೋಟಿಗೆ ಬಂತು. ತಟ್ಟೆಯಿಂದ ಬಾಯಿಗೆ ತುತ್ತು ಹೋಗುವಷ್ಟಾಯಿತು, ಅದೇನೂ ಸಣ್ಣ ವಿಷಯ ಅಲ್ಲ. ಆದರೆ ಈ ಮಾತ್ರೆ ಆಟವನ್ನು ತಗ್ಗಿಸುತ್ತದೆ ಅಷ್ಟೇ, ಒಳಗೆ ಮಿದುಳು ಸವೆಯುವುದನ್ನು ನಿಲ್ಲಿಸೋದಿಲ್ಲ. ಕೆಲವರಿಗೆ ಇದರಿಂದ ಮನಸ್ಸು ಕುಗ್ಗುವುದೂ ಉಂಟು. ಅದಕ್ಕೇ ಡಾಕ್ಟರು ಪ್ರತಿ ಸಲ ಮೊದಲು ಮನಸ್ಸಿನ ವಿಚಾರವನ್ನೇ ಕೇಳುತ್ತಾರೆ. ರೋಗದ ಓಟವನ್ನೇ ನಿಧಾನ ಮಾಡುವ ಮದ್ದು ಬೇರೆ, ಅದಿನ್ನೂ ಪರೀಕ್ಷೆಯ ಹಂತದಲ್ಲಿದೆ ಅಂದರು. ಆ ಪರೀಕ್ಷೆ ಎಲ್ಲಿಗೆ ಬಂತು ಅಂತ ತಿಳಿಯೋದು ಹೇಗೆ? ಮಗಳು ಹುಡುಕಿ ತಂದಿದ್ದು ಎಚ್‌ಡಿಬಜ್.

2011ರಲ್ಲಿ ಇದನ್ನು ಶುರು ಮಾಡಿದವರು ಇಬ್ಬರು. ಒಬ್ಬರು ಲಂಡನ್ನಿನ ನರರೋಗ ತಜ್ಞ ಎಡ್ ವೈಲ್ಡ್. ಇನ್ನೊಬ್ಬರು ಅಮೆರಿಕದ ವಿಜ್ಞಾನಿ ಜೆಫ್ ಕ್ಯಾರಲ್. ಈ ಕ್ಯಾರಲ್ ಅವರ ತಾಯಿಗೂ ಇದೇ ಕಾಯಿಲೆ ಇತ್ತು. ತನ್ನಲ್ಲೂ ಆ ಜೀನ್ ಇದೆ ಅಂತ ಅವರು ಎಲ್ಲರೆದುರು ಹೇಳಿಕೊಂಡವರು. ಇದನ್ನು ಓದಿದ ದಿನದಿಂದ ನನಗೆ ಆ ತಾಣದ ಮೇಲೆ ಒಂಥರಾ ನೆಂಟಸ್ತಿಕೆ ಬಂದುಬಿಟ್ಟಿದೆ. ನಮ್ಮ ಕಷ್ಟ ಗೊತ್ತಿರುವವರು ನಮಗಾಗಿ ಬರೆದಿದ್ದಾರೆ ಅನ್ನಿಸುತ್ತದೆ.

ಲೇಖನಗಳು ತುಂಬಾ ಉದ್ದ ಇರೋದಿಲ್ಲ. ಕಷ್ಟದ ಪದಗಳಿಗೆ ಅಲ್ಲೇ ಅರ್ಥ ಕೊಡುತ್ತಾರೆ. ನನಗೆ ತುಂಬಾ ಹಿಡಿಸಿದ್ದು ಲೇಖನದ ಕೊನೆಯಲ್ಲಿ ಬರುವ ಒಂದು ಸಾಲು. ಇದನ್ನು ಬರೆದವರಿಗೆ ಆ ಕಂಪನಿ ಜೊತೆಗೋ ಆ ಪರೀಕ್ಷೆ ಜೊತೆಗೋ ಸಂಬಂಧ ಇದೆಯಾ, ಇಲ್ಲವಾ ಅಂತ ಅಲ್ಲಿ ಹೇಳಿರುತ್ತಾರೆ. ಲೆಕ್ಕ ಬರೆಯುವವಳು ನಾನು. ಯಾರಿಗೆ ಎಲ್ಲಿಂದ ಸಂಬಂಧ ಅಂತ ಮೊದಲೇ ಬರೆದಿಟ್ಟ ಪುಸ್ತಕ ಕಂಡರೆ ನನಗೆ ಅರ್ಧ ನೆಮ್ಮದಿ.

ಈ ತಾಣದ ಯೋಗ್ಯತೆ ನನಗೆ ಗೊತ್ತಾಗಿದ್ದು 2021ರ ಮಾರ್ಚ್‌ನಲ್ಲಿ. ಆಗ ಎಲ್ಲರ ಆಸೆ ಟೊಮಿನರ್ಸೆನ್ ಅನ್ನೋ ಮದ್ದಿನ ಮೇಲೆ ನಿಂತಿತ್ತು. ಕೆಟ್ಟ ಜೀನ್‌ನಿಂದ ಹಂಟಿಂಗ್ಟಿನ್ ಅನ್ನೋ ಪ್ರೋಟೀನ್ ತಯಾರಾಗುತ್ತದೆ. ಆ ತಯಾರಿಯನ್ನೇ ತಗ್ಗಿಸುವ ಮದ್ದು ಇದು. ಬೆನ್ನುಹುರಿಯ ಸುತ್ತ ಇರುವ ನೀರಿಗೆ ಸೂಜಿ ಚುಚ್ಚಿ ಕೊಡಬೇಕು. 46 ಜನರ ಮೊದಲ ಪರೀಕ್ಷೆಯಲ್ಲಿ ಪ್ರೋಟೀನ್ ನಿಜವಾಗಿಯೂ ಇಳಿದಿತ್ತು. ಆಮೇಲೆ ರೋಶ್ ಕಂಪನಿ 791 ಜನರ ಮೇಲೆ ದೊಡ್ಡ ಪರೀಕ್ಷೆ ನಡೆಸಿತು. ಕೆಲವರಿಗೆ 8 ವಾರಕ್ಕೊಮ್ಮೆ ಮದ್ದು, ಕೆಲವರಿಗೆ 16 ವಾರಕ್ಕೊಮ್ಮೆ, ಉಳಿದವರಿಗೆ ಮದ್ದಿಲ್ಲದ ಬರೀ ದ್ರವ. ಯಾರಿಗೆ ಯಾವುದು ಸಿಕ್ಕಿದೆ ಅಂತ ಕೊಡುವವರಿಗೂ ಗೊತ್ತಿಲ್ಲ, ತಗೊಳ್ಳುವವರಿಗೂ ಗೊತ್ತಿಲ್ಲ. ಮಧ್ಯದಲ್ಲಿ ಅಂಕಿಅಂಶ ನೋಡುತ್ತಿದ್ದ ಸ್ವತಂತ್ರ ಸಮಿತಿ ಮದ್ದು ಕೊಡುವುದನ್ನು ನಿಲ್ಲಿಸಿ ಅಂದಿತು. 8 ವಾರಕ್ಕೊಮ್ಮೆ ಮದ್ದು ತಗೊಂಡವರು, ಬರೀ ದ್ರವ ತಗೊಂಡವರಿಗಿಂತ ಹಿಂದೆ ಬಿದ್ದಿದ್ದರು.

ಎಡ್ ವೈಲ್ಡ್ ಆ ಮದ್ದಿನ ಪರೀಕ್ಷೆಯಲ್ಲಿ ಸ್ವತಃ ತೊಡಗಿಕೊಂಡಿದ್ದವರು. ಅವರ ಕೈಯಾರೆ ಬೆಳೆದ ಕೆಲಸ. ಆದರೂ ಎಚ್‌ಡಿಬಜ್ ಇದನ್ನು ಮುಚ್ಚಿಡಲಿಲ್ಲ, ತೇಲಿಸಿ ಬರೆಯಲಿಲ್ಲ. ಏನಾಯಿತು, ಏನು ಗೊತ್ತು, ಯಾವುದು ಇನ್ನೂ ಗೊತ್ತಿಲ್ಲ ಅಂತ ಬಿಡಿಸಿ ಹೇಳಿದರು. ನಮ್ಮ ಮಗಳು ಆಗ ಹೈಸ್ಕೂಲಿನಲ್ಲಿದ್ದಳು. ಅಡುಗೆಮನೆ ಬಾಗಿಲಲ್ಲಿ ನಿಂತು ಓದಿ ಹೇಳಿದಳು. "ಅಮ್ಮ, ನಿಲ್ಲಿಸಿಬಿಟ್ರಂತೆ" ಅಂದಳು. ನನಗೆ ಅಳು ಬಂತು. ಆದರೆ ಮೋಸ ಹೋದೆ ಅಂತ ಅನ್ನಿಸಲಿಲ್ಲ.

ಆ ಸೋಲು ಅಲ್ಲಿಗೇ ಮುಗಿಯಲಿಲ್ಲ ಅನ್ನೋದೂ ಅಲ್ಲೇ ಓದಿದ್ದು. ಅಂಕಿಅಂಶ ಮತ್ತೆ ತಿರುವಿ ಹಾಕಿದಾಗ, ವಯಸ್ಸು ಕಡಿಮೆ ಇದ್ದು ಕಾಯಿಲೆ ಇನ್ನೂ ಜಾಸ್ತಿ ಬಲಿಯದವರಿಗೆ ಕಡಿಮೆ ಮದ್ದಿನಿಂದ ಉಪಯೋಗ ಆಗಿರಬಹುದು ಅಂತ ಒಂದು ಸುಳಿವು ಕಂಡಿತಂತೆ. ಅದು ಸುಳಿವು ಮಾತ್ರ. ಅದನ್ನು ನಿಜವಾಗಿ ಪರೀಕ್ಷಿಸಲು 25ರಿಂದ 50 ವಯಸ್ಸಿನ ಸುಮಾರು 300 ಜನರನ್ನು ಸೇರಿಸಿಕೊಂಡು 2023ರಲ್ಲಿ ಇನ್ನೊಂದು ಪರೀಕ್ಷೆ ಶುರು ಮಾಡಿದರು. ಮೊದಲ ಪರೀಕ್ಷೆಗೆ ಬೆನ್ನು ಕೊಟ್ಟ ಆ 791 ಜನ ಯಾರೋ, ಯಾವ ದೇಶದವರೋ. ಅವರಿಗೆ ನಾನು ಋಣಿ.

ಸಣ್ಣ ವಿಷಯಕ್ಕೂ ಈ ತಾಣ ಕೆಲಸಕ್ಕೆ ಬರುತ್ತದೆ. ನೆಂಟರಲ್ಲಿ ಒಬ್ಬರು ಕೋ-ಎನ್‌ಜೈಮ್ ಕ್ಯೂ-10 ಮಾತ್ರೆ ಕೊಡಿಸಿ, ನರಕ್ಕೆ ಒಳ್ಳೇದು ಅಂತ ಬಲವಂತ ಮಾಡಿದರು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ಆದರೆ ಅಗ್ಗದ್ದೇನಲ್ಲ. ಇದೇ ಮದ್ದನ್ನು ದಿನಕ್ಕೆ 2400 ಮಿಲಿಗ್ರಾಂ ಪ್ರಮಾಣದಲ್ಲಿ ಸುಮಾರು 600 ಜನರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದ್ದಾರೆ. ಪ್ರಯೋಜನ ಕಾಣದೆ 2014ರಲ್ಲಿ ನಿಲ್ಲಿಸಿದರು. ಹೀಗೇ ಪರೀಕ್ಷೆ ಮಾಡುತ್ತಿದ್ದ ಕ್ರಿಯಾಟಿನ್ ಅನ್ನೋ ಇನ್ನೊಂದರ ಕಥೆಯೂ ಅದೇ ವರ್ಷ ಹಾಗೇ ಮುಗಿಯಿತು. ನಾನು ಆ ದುಡ್ಡಲ್ಲಿ ಹಾಲು, ತುಪ್ಪ, ಬಾಳೆಹಣ್ಣು ತರುತ್ತೇನೆ. ಈ ಕಾಯಿಲೆಯವರು ಎಷ್ಟು ತಿಂದರೂ ತೂಕ ಇಳಿಯುತ್ತಲೇ ಇರುತ್ತದೆ. ಹೊಟ್ಟೆಗೆ ಬಿದ್ದದ್ದೇ ಮದ್ದು ಅಂತ ನಾನು ನಂಬಿದ್ದೇನೆ.

ಈಗ ದೊಡ್ಡ ಸುದ್ದಿಗೆ ಬರೋಣ. 2025ರ ಸೆಪ್ಟೆಂಬರ್ 24. ಹಂಟಿಂಗ್ಟನ್‌ಗೆ ಮೊದಲ ಬಾರಿ ಚಿಕಿತ್ಸೆ ಸಿಕ್ಕಿತು ಅಂತ ಪ್ರಪಂಚದ ಎಲ್ಲ ಪತ್ರಿಕೆಗಳಲ್ಲೂ ಬಂತು. ನನ್ನ ವಾಟ್ಸಾಪ್‌ಗೆ ಅಣ್ಣ, ನಾದಿನಿ, ಆಫೀಸಿನವರು, ಎಲ್ಲರೂ ಅದನ್ನೇ ಕಳಿಸಿದರು. "75 ಪರ್ಸೆಂಟ್ ನಿಧಾನ ಆಯ್ತಂತೆ ಕಣೇ!" ಅಂತ ನಾದಿನಿ ಫೋನ್ ಮಾಡಿ ಅತ್ತಳು. ಅವಳಿಗೂ ಅದೇ ಅರ್ಧಕ್ಕರ್ಧದ ಭಯ, ಪಾಪ. ನಾನು ಎಚ್‌ಡಿಬಜ್ ತೆಗೆದೆ.

ಮದ್ದಿನ ಹೆಸರು ಎಎಂಟಿ-130. ಯೂನಿಕ್ಯೂರ್ ಅನ್ನೋ ಕಂಪನಿಯದು. ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡುತ್ತಾರೆ. ತೊಂದರೆ ಕೊಡದ ಹಾಗೆ ಮಾಡಿದ ಒಂದು ವೈರಸ್‌ನಲ್ಲಿ ಮದ್ದಿನ ಜೀನ್ ಇಟ್ಟು, ಮಿದುಳಿನ ಆಳದ ಎರಡು ಜಾಗಗಳಿಗೆ ನಿಧಾನವಾಗಿ ಇಳಿಸುತ್ತಾರೆ. ಆಪರೇಷನ್‌ಗೆ 12ರಿಂದ 18 ಗಂಟೆ ಹಿಡಿಯುತ್ತದೆ. ಜೀವನದಲ್ಲಿ ಒಂದೇ ಸಲ ಮಾಡಿದರೆ ಸಾಕು ಅನ್ನೋದು ಇದರ ಹಿಂದಿರುವ ಆಲೋಚನೆ. ಆ ಫಲಿತಾಂಶದಲ್ಲಿ ಲೆಕ್ಕಕ್ಕೆ ಬಂದವರು, ಮದ್ದು ಪಡೆದ 29 ಜನ. ಜಾಸ್ತಿ ಪ್ರಮಾಣದ ಮದ್ದು ಪಡೆದು ಮೂರು ವರ್ಷ ದಾಟಿದವರು 12 ಜನ. 75 ಪರ್ಸೆಂಟ್ ಅನ್ನೋದು ಆ 12 ಜನರ ಲೆಕ್ಕ.

ಏನನ್ನು ಅಳೆದು 75 ಅಂದರು? ಇದನ್ನು ತಿಳಿದುಕೊಂಡಾಗ ನನಗೆ ಮೈ ಜುಂ ಅಂದಿತು. ನಾಲ್ಕು ಅಳತೆ ಕೂಡಿಸಿ ಒಂದು ಅಂಕ ಮಾಡುತ್ತಾರೆ. ಕೈಕಾಲು, ಕಣ್ಣು, ನಾಲಿಗೆಯ ಚಲನೆ ಒಂದು. ಗುರುತುಗಳಿಗೆ ಹೊಂದುವ ಅಂಕಿಗಳನ್ನು 90 ಸೆಕೆಂಡಿನಲ್ಲಿ ಎಷ್ಟು ತುಂಬುತ್ತಾರೆ ಅನ್ನೋದು ಇನ್ನೊಂದು. ಬಣ್ಣಗಳ ಹೆಸರನ್ನು ಎಷ್ಟು ಬೇಗ ಓದುತ್ತಾರೆ ಅನ್ನೋದು ಮೂರನೆಯದು. ನಾಲ್ಕನೆಯದು ದಿನನಿತ್ಯದ ಬದುಕಿನದು, 13 ಅಂಕಕ್ಕೆ. ಕೆಲಸಕ್ಕೆ ಹೋಗಲಾಗುತ್ತದಾ, ದುಡ್ಡಿನ ವ್ಯವಹಾರ ಮಾಡಲಾಗುತ್ತದಾ, ಮನೆಗೆಲಸ ಆಗುತ್ತದಾ, ತನ್ನ ಸ್ನಾನ ಊಟ ತಾನೇ ಮಾಡಿಕೊಳ್ಳಲಾಗುತ್ತದಾ, ಮನೆಯಲ್ಲೇ ಇರಲಾಗುತ್ತದಾ ಅಂತ. ದುಡ್ಡಿನ ವ್ಯವಹಾರ ಅನ್ನೋ ಸಾಲು ಓದಿದಾಗ ಇವರ ಕಂಡಕ್ಟರ್ ಬ್ಯಾಗ್ ನೆನಪಾಯಿತು. ನಾನು ಮನೆಯಲ್ಲಿ ಕಣ್ಣಾರೆ ಕಂಡ ಇಳಿಕೆಯನ್ನೇ ಅಲ್ಲಿ ಅಂಕ ಹಾಕಿ ಅಳೆಯುತ್ತಿದ್ದಾರೆ. ಆ ಅಂಕದಲ್ಲಿ ಒಂದೆರಡು ಉಳಿದರೆ ಅದರ ಬೆಲೆ ಏನು ಅಂತ ನಮ್ಮಂಥ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಹೋಲಿಕೆ ಯಾರ ಜೊತೆ? ಆಪರೇಷನ್ ಮಾಡಿಸಿಕೊಳ್ಳದೆ ಮೂರು ವರ್ಷವೂ ಇದೇ ಪರೀಕ್ಷೆಯೊಳಗೆ ಉಳಿದ ಒಂದು ಗುಂಪು ಇರಲಿಲ್ಲ. ಎನ್‌ರೋಲ್-ಎಚ್‌ಡಿ ಅಂತ ಒಂದು ದೊಡ್ಡ ಅಧ್ಯಯನ ಇದೆ. ಅದರಲ್ಲಿ ಮದ್ದು ಕೊಡೋದಿಲ್ಲ. ಸಾವಿರಾರು ಜನರನ್ನು ವರ್ಷಕ್ಕೊಮ್ಮೆ ಕರೆದು ಕಾಯಿಲೆ ಹೇಗೆ ಸಾಗುತ್ತಿದೆ ಅಂತ ಬರೆದಿಡುತ್ತಾರೆ. ಅಲ್ಲಿಂದ ಹೊಂದುವವರನ್ನು ಆರಿಸಿ ಈ 12 ಜನರ ಪಕ್ಕ ಇಟ್ಟು ನೋಡಿದ್ದರು. ನನ್ನ ಕಸುಬಿನ ಮಾತಲ್ಲಿ ಹೇಳೋದಾದರೆ, ನಮ್ಮ ಸಂಘದ ಈ ವರ್ಷದ ಲೆಕ್ಕವನ್ನು ಬೇರೆ ಊರಿನ ಸಂಘದ ಲೆಕ್ಕದ ಜೊತೆ ಇಟ್ಟು ನೋಡಿದ ಹಾಗೆ. ಉಪಯೋಗ ಇದೆ, ಆದರೆ ಆಡಿಟರ್ ಅಷ್ಟಕ್ಕೇ ಸಹಿ ಹಾಕೋದಿಲ್ಲ.

ಹಾಗೇ ಆಯಿತು. ನವೆಂಬರ್ ಮೊದಲ ವಾರ ಕಂಪನಿಯೇ ಹೇಳಿತು: ಹೊರಗಿನ ಗುಂಪಿನ ಜೊತೆಗಿನ ಈ ಹೋಲಿಕೆ ಒಪ್ಪಿಗೆಯ ಅರ್ಜಿಗೆ ಸಾಕಾಗುತ್ತದೆ ಅನ್ನೋ ಹಳೇ ಮಾತಿನಲ್ಲಿ ಮದ್ದುಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಈಗ ಇಲ್ಲ ಅಂತ. ಸೆಪ್ಟೆಂಬರ್ ಸುದ್ದಿ ಕಳಿಸಿದ ಅಷ್ಟೂ ಜನರಲ್ಲಿ ಒಬ್ಬರೂ ನವೆಂಬರ್ ಸುದ್ದಿ ಕಳಿಸಲಿಲ್ಲ. ನನಗೆ ಅದು ಸಿಕ್ಕಿದ್ದು ಎಚ್‌ಡಿಬಜ್‌ನಲ್ಲೇ. ಇವರಿಗೂ ಹೇಳಿದೆ. ಇವರ ಮಾತು ಈಗ ಸ್ವಲ್ಪ ತೊದಲುತ್ತದೆ, ಆದರೆ ತಿಳಿವಳಿಕೆ ಇದೆ. "ಇರಲಿ ಬಿಡು, ಸರಿಯಾಗೇ ನೋಡ್ಲಿ" ಅಂದರು. ಸಿಟ್ಟು ಮಾಡಿಕೊಂಡಿದ್ದು ನಾನು. ಈಗಲೂ ನನ್ನ ಮನಸ್ಸು ಎರಡೂ ಕಡೆ ಎಳೆಯುತ್ತದೆ. ತಾಯಿಯಾಗಿ, ಕೊಟ್ಟುಬಿಡಲಿ ಅನ್ನಿಸುತ್ತದೆ. 2021 ನೆನಪಾದಾಗ, ಆತುರ ಬೇಡ ಅನ್ನಿಸುತ್ತದೆ.

ಬಾಯಲ್ಲಿ ನುಂಗುವ ಮಾತ್ರೆಯೂ ಪರೀಕ್ಷೆಯಲ್ಲಿದೆ. ವೋಟೋಪ್ಲಾಮ್ ಅಂತ, ಮೊದಲು ಪಿಟಿಸಿ518 ಅನ್ನುತ್ತಿದ್ದರು. 2025ರ ಮೇ ತಿಂಗಳಲ್ಲಿ ಬಂದ ಫಲಿತಾಂಶದಲ್ಲಿ ರಕ್ತದಲ್ಲಿ ಆ ಪ್ರೋಟೀನ್ ಇಳಿದಿದ್ದು ಕಂಡಿತು. ಮಿದುಳಿಗೆ ಸೂಜಿ ಇಲ್ಲ, ಬೆನ್ನಿಗೆ ಸೂಜಿ ಇಲ್ಲ ಅಂದಾಗ ಯಾರಿಗೆ ತಾನೇ ಆಸೆ ಆಗೋದಿಲ್ಲ? ಆದರೆ ಇದೇ ದಾರಿಯ ಇನ್ನೊಂದು ಮದ್ದು, ಬ್ರಾನಾಪ್ಲಾಮ್, ಕೈಕಾಲಿನ ನರಗಳಿಗೆ ತೊಂದರೆ ಕೊಟ್ಟಿದ್ದರಿಂದ 2022ರಲ್ಲಿ ನಿಂತುಹೋಯಿತು. ಹಾಗಾಗಿ ಪ್ರೋಟೀನ್ ಇಳಿಯಿತು ಅಂದ ತಕ್ಷಣ ನಾನೀಗ ಕುಣಿಯೋದಿಲ್ಲ. ಮನುಷ್ಯನ ನಡೆ, ನುಡಿ, ನೆನಪು ಉಳಿಯಿತಾ ಅಂತ ಕೇಳುತ್ತೇನೆ.

ಈ ಓದು ನಮ್ಮನ್ನು ಒಂದು ದೊಡ್ಡ ಖರ್ಚಿನಿಂದಲೂ ಉಳಿಸಿತು. ದೊಡ್ಡ ಊರಿನ ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ ಚುಚ್ಚಿ ಹಂಟಿಂಗ್ಟನ್ ಹಿಂದಕ್ಕೆ ತಿರುಗಿಸುತ್ತೇವೆ ಅಂದರು. ಹೆಸರು ಬೇಡ. ಇದೂ ಒಂದು ಟ್ರಯಲ್ಲೇ ಮೇಡಂ, ಅಡ್ವಾನ್ಸ್ ಕಟ್ಟಿದರೆ ಸೀಟು ಹಿಡಿಯುತ್ತೇವೆ ಅಂತ ಫೋನಿನಲ್ಲಿ ಹೇಳಿದರು. ನಾನು ಕೇಳಿದೆ: ಟ್ರಯಲ್ ಆದರೆ ಸಿಟಿಆರ್‌ಐ ನೋಂದಣಿ ನಂಬರ್ ಕೊಡಿ. ಮದ್ದು ಕೊಡದ ಗುಂಪು ಯಾವುದು? ಪರೀಕ್ಷೆ ನೀವು ಮಾಡೋದು, ದುಡ್ಡು ನಾನು ಯಾಕೆ ಕಟ್ಟಬೇಕು? ಆ ಕಡೆಯವರು ಡಾಕ್ಟರ ಹತ್ತಿರ ಕೇಳಿ ಹೇಳುತ್ತೇನೆ ಅಂದರು. ಮತ್ತೆ ಫೋನ್ ಬರಲಿಲ್ಲ. ಸಿಟಿಆರ್‌ಐ ಅಂದರೆ ನಮ್ಮ ದೇಶದಲ್ಲಿ ನಡೆಯುವ ಮದ್ದಿನ ಪರೀಕ್ಷೆಗಳ ಸರ್ಕಾರಿ ದಾಖಲೆ ಪುಸ್ತಕ ಇದ್ದಂತೆ. 2007ರಲ್ಲಿ ಶುರುವಾಗಿದ್ದು, ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ಹುಡುಕಬಹುದು. ಎಚ್‌ಡಿಬಜ್ ಓದುವವರು ಇದನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಇನ್ನು ಆ ಅರ್ಧ ಅಂಕದ ವಿಷಯ. ಅಲ್ಲಿ ಬರುವ ಪರೀಕ್ಷೆಗಳು ನಡೆಯೋದು ಬಹುತೇಕ ಅಮೆರಿಕ, ಯುರೋಪ್, ಆಸ್ಟ್ರೇಲಿಯಾ ಕಡೆ. ನಿಮ್ಮ ಹತ್ತಿರದ ಕೇಂದ್ರದಲ್ಲಿ ವಿಚಾರಿಸಿ ಅಂತ ಓದಿದಾಗ ಅರಸೀಕೆರೆಯಲ್ಲಿ ಕೂತ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅದು ಆ ತಾಣದ ತಪ್ಪಲ್ಲ, ಪರೀಕ್ಷೆಗಳು ಇಲ್ಲಿಗೆ ಬಂದರೆ ತಾನೇ ಅವರು ಬರೆಯೋದು. ಆದರೆ ಈ ಕಾಯಿಲೆ ನಮ್ಮಲ್ಲೂ ಇದೆ. ನಿಮ್ಹಾನ್ಸ್‌ನ ಆ ಕಾರಿಡಾರಿನಲ್ಲಿ ನಮ್ಮ ಹಾಗೇ ಕೂತವರನ್ನು ನಾನು ನೋಡಿದ್ದೇನೆ. ಅವರಲ್ಲಿ ಕನ್ನಡದವರಿದ್ದರು, ತಮಿಳಿನವರಿದ್ದರು, ಆಂಧ್ರದಿಂದ ಬಂದವರಿದ್ದರು. ಅವರ ಲೆಕ್ಕ ಯಾವ ಪುಸ್ತಕದಲ್ಲೂ ಬರದೆ ಹೋಗಬಾರದು.

ಇನ್ನೊಂದು ಮಾತು. ನುಂಗಲಾಗದೆ ಕೆಮ್ಮು ಬಂದಾಗ ಅನ್ನ ಎಷ್ಟು ಮೆತ್ತಗೆ ಮಾಡಬೇಕು, ರಾತ್ರಿ ಮಂಚದಿಂದ ಬೀಳದ ಹಾಗೆ ಏನು ಮಾಡಬೇಕು ಅನ್ನೋದನ್ನು ಇಲ್ಲಿ ಹುಡುಕಬೇಡಿ. ಇದು ಸಂಶೋಧನೆಯ ಸುದ್ದಿಗೆ ಇರುವ ಜಾಗ. ಆರೈಕೆಗೆ ನಿಮ್ಮ ಡಾಕ್ಟರು, ಫಿಸಿಯೋಥೆರಪಿಯವರು, ಇದೇ ಕಷ್ಟ ದಾಟಿದ ಮನೆಯವರೇ ಗತಿ.

ಹೊಸದಾಗಿ ಓದುವವರು ಮೊದಲು 2021ರ ಟೊಮಿನರ್ಸೆನ್ ಲೇಖನ ಓದಿ. ಆಮೇಲೆ 2025ರ ಸೆಪ್ಟೆಂಬರ್ ಮತ್ತು ನವೆಂಬರ್ ಲೇಖನಗಳನ್ನು ಒಟ್ಟಿಗೆ ಓದಿ. ಒಂದನ್ನು ಬಿಟ್ಟು ಇನ್ನೊಂದು ಓದಬೇಡಿ. ಕಾಯಿಲೆ ಇರುವವರಿಗೆ ಫೋನ್ ಕೊಡುವ ಮುಂಚೆ ನೀವು ಓದಿ, ಅವರಿಗೆ ಕೇಳುವ ಮನಸ್ಸಿದೆಯಾ ಅಂತ ಕೇಳಿ. ದೊಡ್ಡ ಮಕ್ಕಳಿದ್ದರೆ ಅವರ ಇಷ್ಟಕ್ಕೆ ಬಿಡಿ. ನಮ್ಮ ಮಗಳು ಪ್ರತಿ ಲೇಖನ ಓದುತ್ತಾಳೆ. ಮಗನಿಗೆ ಆ ವಿಷಯ ಎತ್ತಿದರೆ ಎದ್ದು ಹೋಗುತ್ತಾನೆ, ನಾನೂ ಎತ್ತೋದಿಲ್ಲ. ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕಾ ಬೇಡವಾ ಅನ್ನೋದೂ ಅವರವರ ನಿರ್ಧಾರ. ನಿಮ್ಹಾನ್ಸ್‌ನಲ್ಲಿ ಕೌನ್ಸೆಲಿಂಗ್ ಮಾಡಿದವರು ನಮಗೆ ಇದನ್ನು ಬಹಳ ಸಮಾಧಾನವಾಗಿ ಹೇಳಿಕೊಟ್ಟಿದ್ದರು.

ಎಚ್‌ಡಿಬಜ್ ಲೇಖನಗಳನ್ನು ಬೇರೆಯವರು ಹಂಚಿಕೊಳ್ಳಲು ಅವರೇ ಅನುಮತಿ ಕೊಟ್ಟಿದ್ದಾರೆ. ಬೇರೆ ಕೆಲವು ಭಾಷೆಗಳಲ್ಲಿ ಸ್ವಯಂಸೇವಕರು ಅನುವಾದವನ್ನೂ ಮಾಡಿದ್ದಾರೆ. ಜೀವವಿಜ್ಞಾನವೋ ವೈದ್ಯಕೀಯವೋ ಓದಿದ ಕನ್ನಡದವರು ಯಾರಾದರೂ ಇದನ್ನು ಕನ್ನಡಕ್ಕೆ ತರಲು ಮುಂದೆ ಬಂದರೆ ಹೇಳಿ. ನನಗೆ ಅಷ್ಟು ಇಂಗ್ಲಿಷ್ ಬರೋದಿಲ್ಲ. ಆದರೆ ನೀವು ಬರೆದದ್ದನ್ನು ಓದಿ, ಇದು ನಮ್ಮಂಥವರಿಗೆ ಅರ್ಥ ಆಗುತ್ತದಾ ಅಂತ ಸಾಲು ಸಾಲೂ ನೋಡಿಕೊಡುತ್ತೇನೆ. ಸಂಜೆ ಏಳರ ಮೇಲೆ, ಇವರ ಊಟ ಮುಗಿಸಿದ ಮೇಲೆ, ನನಗೆ ಬಿಡುವು ಇರುತ್ತದೆ.